ಒಲೆಯ ಮುಂದಿನ ಪಾದಗಳು

ಯುದ್ಧ ಮುಗಿದ ಮರುವರ್ಷ, ಅಕ್ಟೋಬರ್ ತಿಂಗಳಲ್ಲಿ, ಕೆನಡಾ ಸರ್ಕಾರದ ಯುದ್ಧಚಿತ್ರಗಳು ಊರೂರು ಪ್ರದರ್ಶನಕ್ಕೆಂದು ರೈಲು ಹತ್ತಿ ವಿನ್ನಿಪೆಗ್‌ಗೆ ಬಂದವು. ಅವುಗಳನ್ನು ಬರೆದವರಲ್ಲಿ ಒಬ್ಬನಾದ ಲಾರ್ನ್ ಪೆಟಿಗ್ರೂ ಕೂಡ ಜೊತೆಗೆ ಬಂದ. ಸೇನೆಯವರು ಅವನಿಗೆ ಕ್ಯಾಪ್ಟನ್ ಪದವಿ, ಒಂದು ಜೀಪು, ಒಂದು ಬಣ್ಣದ ಪೆಟ್ಟಿಗೆ ಕೊಟ್ಟು ಇಟಲಿಗೆ ಕಳಿಸಿದ್ದರು. ಕಂಡದ್ದನ್ನು ಕಂಡ ಹಾಗೆ ಬರಿ, ಪ್ರತಿ ಹಾಳೆಯ ಮೂಲೆಯಲ್ಲಿ ಜಾಗ ಮತ್ತು ತಾರೀಖು ಹಾಕು ಎಂದು ಆಜ್ಞೆಯಾಗಿತ್ತು. ಈಗ ಆ ಹಾಳೆಗಳ ಪಕ್ಕದಲ್ಲಿ ನಿಂತು ಜನ ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ಅವನ ಕೆಲಸ. ಇದಕ್ಕಿಂತ ಗುಂಡಿನ ನಡುವೆ ಕೂತು ಬರೆಯುವುದೇ ವಾಸಿಯಿತ್ತು ಎಂದು ಅವನಿಗೆ ಎರಡನೆಯ ಊರಿನಲ್ಲೇ ಅನ್ನಿಸಿಬಿಟ್ಟಿತ್ತು.

ಬರುವವರಲ್ಲಿ ಎರಡು ಬಗೆ. ಮೊದಲನೆಯವರು ಯುದ್ಧ ಮಾಡಿ ಬಂದವರು. ಇವರು ಬರುತ್ತಿದ್ದುದೇ ತಪ್ಪು ಹುಡುಕುವುದಕ್ಕೆ. ಟ್ಯಾಂಕಿನ ಗಾಲಿ ಒಂದು ಕಡಿಮೆಯಾಗಿದೆ, ಆ ಸೇತುವೆ ಮುರಿದದ್ದು ಈ ಕಡೆಯಲ್ಲ, ಆಗ ನಮಗೆ ಇಂಥ ಕೋಟು ಕೊಟ್ಟೇ ಇರಲಿಲ್ಲ. ಹೇಸರಗತ್ತೆಗಳ ಮೇಲೆ ಮದ್ದುಗುಂಡು ಸಾಗಿಸುತ್ತಿದ್ದವನೊಬ್ಬ, ಕತ್ತೆ ಹೀಗೆ ಕಿವಿ ನಿಮಿರಿಸಿದರೆ ಅದು ಒಂದು ಹೆಜ್ಜೆಯೂ ಮುಂದಿಡುವುದಿಲ್ಲ, ನಿಮ್ಮ ಚಿತ್ರದಲ್ಲಿ ಅದು ಗುಡ್ಡ ಹತ್ತುತ್ತಿದೆ, ಆದ್ದರಿಂದ ಚಿತ್ರವೇ ಸುಳ್ಳು ಎಂದು ಬಹಳ ಹೊತ್ತು ವಾದಿಸಿದ. ಕೊನೆಗೆ ಲಾರ್ನ್‌ನ ಕೈಕುಲುಕಿ ಕಣ್ಣೊರೆಸಿಕೊಂಡು ಹೋದ. ಇವರ ಕಾಟ ಹೇಗೋ ತಡೆದುಕೊಳ್ಳಬಹುದಿತ್ತು.

ಎರಡನೆಯವರು ತಾಯಂದಿರು. ಇವರು ಟ್ಯಾಂಕು, ಸೇತುವೆ ಯಾವುದನ್ನೂ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಸೈನಿಕರು ಸಾಲಾಗಿ ಕಣಿವೆ ದಾಟುವ ದೊಡ್ಡ ತೈಲಚಿತ್ರವೊಂದಿತ್ತು. ಅದರ ಮುಂದೆ ನಿಂತು, ಬೆರಳು ತೋರಿಸಿ, ಇವನು ನಮ್ಮ ಹುಡುಗನಲ್ಲವೇ ಎಂದು ಕೇಳುತ್ತಿದ್ದರು. ಆ ಚಿತ್ರ ಕಣಿವೆಯಲ್ಲಿ ಬರೆದದ್ದಲ್ಲ. ತಿಂಗಳುಗಳಾದ ಮೇಲೆ ಲಂಡನ್ನಿನ ಒಂದು ಬೆಚ್ಚನೆಯ ಕೋಣೆಯಲ್ಲಿ, ಅಲ್ಲಿಂದೊಂದು ಮೈ ಇಲ್ಲಿಂದೊಂದು ಮುಖ ಕೂಡಿಸಿ ಬರೆದದ್ದು. ಎಲ್ಲರೂ ಬೆರಳಿಟ್ಟು ತೋರಿಸುತ್ತಿದ್ದ ಆ ಚೆಲುವ ಹುಡುಗನ ಮುಖ, ನಿಜ ಹೇಳಬೇಕೆಂದರೆ, ಕೋಣೆಗೆ ಇದ್ದಿಲು ತಂದುಹಾಕುತ್ತಿದ್ದವನದು. ಮೊದಲ ಊರಿನಲ್ಲಿ ಲಾರ್ನ್ ಒಬ್ಬ ತಾಯಿಗೆ ಇದನ್ನು ವಿವರಿಸಿ ಹೇಳಿದ್ದ. ಆಕೆಯ ಮುಖ ಆಗ ಹೇಗಾಯಿತೋ ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ಅವನಿಗಿರಲಿಲ್ಲ. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು: ಇದ್ದಿರಬಹುದಮ್ಮ. ಒತ್ತಾಯ ಮಾಡಿದರೆ ಹೌದು ಅಂದುಬಿಡುತ್ತಿದ್ದ. ಅವನು ಕೆಟ್ಟವನಲ್ಲ. ಒಳ್ಳೆಯವನಾಗಿರುವುದಕ್ಕೆ ಸುಲಭದ ದಾರಿ ಹಿಡಿದಿದ್ದ, ಅಷ್ಟೇ.

ವಿನ್ನಿಪೆಗ್‌ನಲ್ಲಿ ಬುಧವಾರ ಮಧ್ಯಾಹ್ನ ಬಂದ ಹೆಂಗಸು ದೊಡ್ಡ ಚಿತ್ರದ ಹತ್ತಿರ ಹೋಗಲೇ ಇಲ್ಲ. ಅರವತ್ತು ದಾಟಿದ, ಎತ್ತರದ, ಬಿಗಿಯಾಗಿ ತಲೆ ಬಾಚಿದ ಹೆಂಗಸು. ಕೋಟು ನೇತುಹಾಕುವ ಜಾಗದ ಪಕ್ಕದಲ್ಲಿ, ಬೇರೆಲ್ಲೂ ಹಿಡಿಸದೆ ತೂಗುಹಾಕಿದ್ದ ಒಂದು ಸಣ್ಣ ಜಲವರ್ಣದ ಮುಂದೆ ಆಕೆ ನಿಂತುಬಿಟ್ಟಳು. ಅದರಲ್ಲಿ ಮುಖವೇ ಇರಲಿಲ್ಲ. ಇಟಲಿಯ ರೈತನೊಬ್ಬನ ಅಡುಗೆಮನೆ, ಉರಿಯುವ ಒಲೆ, ಒಲೆಯ ಕಡೆಗೆ ಚಾಚಿದ ಎರಡು ಕಾಲು. ಮೊಣಕಾಲಿನಿಂದ ಮೇಲೆ ಏನೂ ಇಲ್ಲ. ಕೆಸರು ಮೆತ್ತಿದ ಷರಾಯಿ, ಪಕ್ಕದಲ್ಲಿ ಬಿಚ್ಚಿಟ್ಟ ಬೂಟು. ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಹಿಮ್ಮಡಿಯ ಮೇಲೆ ಕಂದು ಪಟ್ಟಿ, ಪಟ್ಟಿಯ ನಡುವೆ ಕೆಂಪು ಚುಕ್ಕಿಗಳ ಒಂದು ಸಾಲು. ಮೂಲೆಯಲ್ಲಿ, ಆಜ್ಞೆಯಂತೆ, ಮೊರೊ ನದಿ, ಡಿಸೆಂಬರ್ ಹದಿನಾಲ್ಕು, ೧೯೪೩.

ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮೂಗು ಗಾಜಿಗೆ ತಾಗುವಷ್ಟು ಬಾಗಿ ನೋಡಿದಳು. ಆಮೇಲೆ ತಿರುಗಿ ಲಾರ್ನ್‌ನನ್ನು ಕರೆದು, ಇದನ್ನು ಬರೆದವರು ನೀವೇನಾ ಎಂದು ಕೇಳಿದಳು. ಅವನು ತಲೆಯಾಡಿಸಿದ.

"ಇದು ನನ್ನ ಮಗನ ಕಾಲು," ಅಂದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಕರ್ನಲ್ ಬರುತ್ತಿದ್ದ. ಲಾರ್ನ್‌ನ ಕಣ್ಣು ಆ ಕಡೆಗಿತ್ತು. "ಇದ್ದಿರಬಹುದಮ್ಮ," ಅಂದ.

"ಇದ್ದಿರಬಹುದು ಅಂದ್ರೆ? ಹೌದೋ ಅಲ್ವೋ ಹೇಳಿ."

"ಹೌದು," ಅಂದ ಲಾರ್ನ್, ನಗುತ್ತಾ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಅವನ ಎರಡೂ ಕೈ ಹಿಡಿದುಕೊಂಡಾಗಲೇ ಅವನು ಚಿತ್ರದ ಕಡೆ ನಿಜವಾಗಿ ನೋಡಿದ್ದು. ಯಾವ ಚಿತ್ರಕ್ಕೆ ಹೌದು ಅಂದೆ ಎಂದು ಆಗ ಗೊತ್ತಾಯಿತು. ಆ ಕಾಲುಗಳು ಯಾರವು ಎಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವು ಅವನವೇ.

ಆಕೆ ಆಗಲೇ ಹೇಳತೊಡಗಿದ್ದಳು. ಹೆಸರು ಹಲ್ಡೋರಾ. ಗಂಡ ಬ್ಯಾರ್ನಿ ತೋರ್ದಾರ್ಸನ್. ಊರು ಗಿಮ್ಲಿ, ಸರೋವರದ ದಡದಲ್ಲಿ, ಐಸ್‌ಲ್ಯಾಂಡಿನಿಂದ ಬಂದ ಮೀನುಗಾರರ ಊರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ ಮೇಲೆ ಗಂಡಸರು ಮಂಜುಗಡ್ಡೆಯ ಮೇಲೆ ಬಿಡಾರ ಹೂಡಿ, ತೂತು ಕೊರೆದು ಬಲೆ ಬಿಡುತ್ತಾರೆ. ಒಂದು ಬಿಡಾರದಲ್ಲಿ ಹತ್ತು ಹನ್ನೆರಡು ಜನ, ಒಂದೇ ಒಲೆ, ಒಲೆಯ ಮೇಲೆ ಒಂದೇ ಹಗ್ಗ, ಹಗ್ಗದ ತುಂಬ ಒದ್ದೆ ಕಾಲುಚೀಲ. ಬೆಳಿಗ್ಗೆ ನನ್ನದು ನಿನ್ನದು ಎಂದು ಹೊಡೆದಾಟವಾಗಬಾರದು ನೋಡಿ, ಅದಕ್ಕೇ ಒಂದೊಂದು ಮನೆಯ ಹೆಂಗಸು ಒಂದೊಂದು ಗುರುತು ಹೆಣೆಯುತ್ತಾಳೆ. ಕಂದು ಪಟ್ಟಿ, ನಡುವೆ ಕೆಂಪು ಚುಕ್ಕಿ, ಇದು ಹಲ್ಡೋರಾಳ ಗುರುತು. ಅವಳ ಅತ್ತೆಯ ಗುರುತು ಕೂಡ ಅದೇ. ಬೇರೆ ಯಾರೂ ಅದನ್ನು ಹೆಣೆಯುವ ಹಾಗಿಲ್ಲ, ಹೆಣೆದರೆ ಊರಿನಲ್ಲಿ ಮಾತು ಬರುತ್ತದೆ. ಯುದ್ಧದ ಹೊತ್ತಿನಲ್ಲಿ ಸೈನಿಕರಿಗೆಂದು ಕಾಲುಚೀಲ ಕೂಡಿಸುತ್ತಿದ್ದ ಊರಿನ ಮಹಿಳಾ ಸಮಿತಿಯವರು ಬೂದು ಬಿಟ್ಟು ಬೇರೆ ಬಣ್ಣ ಬೇಡ ಎಂದು ಅವಳ ಒಂದು ಕಟ್ಟನ್ನೇ ವಾಪಸು ಮಾಡಿದರು. ಅವಳು ಬೈದುಕೊಂಡು ಎಲ್ಲವನ್ನೂ ಬಿಚ್ಚಿ ಬರೀ ಬೂದು ಬಣ್ಣದಲ್ಲಿ ಹೆಣೆದುಕೊಟ್ಟಳು. ಗುರುತಿನ ಜೋಡಿಗಳು ಸಮುದ್ರ ದಾಟಿ ಹೋದದ್ದು ಒಬ್ಬನಿಗೇ, ಅವಳ ಮಗ ಐನಾರ್‌ನಿಗೆ.

"ಡಿಸೆಂಬರ್ ಹನ್ನೊಂದಕ್ಕೆ ಕಾಣೆಯಾದ ಅಂತ ತಂತಿ ಬಂತು," ಅಂದಳು. "ಆಮೇಲೆ ಸತ್ತಿರಬೇಕು ಅಂತ ತೀರ್ಮಾನ ಮಾಡಿದ್ವಿ ಅಂದ್ರು. ಹೆಣ ಇಲ್ಲ, ಗೋರಿ ಇಲ್ಲ, ನೋಡ್ದೋರು ಒಬ್ರೂ ಇಲ್ಲ, ಅದು ಹೇಗೆ ತೀರ್ಮಾನ ಮಾಡ್ತಾರೆ? ಈಗ ನೋಡಿ, ನಿಮ್ಮ ಕೈಯಲ್ಲೇ ಬರೆದಿದೀರಿ, ಹದಿನಾಲ್ಕು. ಸತ್ತೋನು ಒಲೆ ಮುಂದೆ ಕೂತು ಕಾಲು ಕಾಯಿಸ್ಕೋತಾನಾ?"

ಲಾರ್ನ್ ಬಾಯಿ ತೆರೆದ. ಆಕೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗಿಮ್ಲಿಯಲ್ಲಿ ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸಿದ್ದಾರೆ, ಐನಾರ್‌ನ ಹೆಸರು ಬೇಡವೇ ಬೇಡ ಎಂದು ನಾನು ಹಟ ಹಿಡಿದಿದ್ದೆ, ಗಂಡ, ಪಾದ್ರಿ ಎಲ್ಲ ಸೇರಿ ಅಂತೂ ಹೋದ ವಾರ ಒಪ್ಪಿಸಿದರು, ಶನಿವಾರ ಕಲ್ಲುಕುಟಿಗ ಆ ಹೆಸರು ಕೆತ್ತುವವನಿದ್ದ, ಈಗ ಕೆತ್ತಕೂಡದು. ರೈಲಿಗೆ ಹೊತ್ತಾಯಿತು. ಹೋಗಿ ಬ್ಯಾರ್ನಿಗೆ ಹೇಳಬೇಕು. ಇಷ್ಟು ಹೇಳಿ ಆಕೆ ಹುಡುಗಿಯ ಹಾಗೆ ಮೆಟ್ಟಿಲಿಳಿದು ಹೋದಳು. ಲಾರ್ನ್ ಹಿಂದೆ ಓಡಬಹುದಿತ್ತು. ಓಡಲಿಲ್ಲ. ಬಂದ ಕರ್ನಲ್‌ಗೆ ಚಿತ್ರಗಳನ್ನು ತೋರಿಸಿದ.

ಆ ಡಿಸೆಂಬರ್ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿರುವುದಕ್ಕೆಂದೇ ಸಂಬಳ ತೆಗೆದುಕೊಂಡವನಲ್ಲವೇ. ಮಳೆ, ಕೆಸರು, ಮುರಿದ ಆಲಿವ್ ಮರಗಳು. ಗುಂಡಿಗಿಂತ ಹೆಚ್ಚಾಗಿ ಜನ ಒದ್ದೆ ಕಾಲಿಗೆ ಹೆದರುತ್ತಿದ್ದರು. ಕಾಲು ಕೊಳೆತರೆ ಬೆರಳು ಹೋಗುತ್ತಿತ್ತು. ಹಾಗಾಗಿ ಆ ಪಡೆಯಲ್ಲಿ ಒಂದು ಕಟ್ಟುಪಾಡು ಬೆಳೆದಿತ್ತು. ಒಬ್ಬ ಸತ್ತರೆ ಅವನ ಗಡಿಯಾರ, ಉಂಗುರ, ಫೋಟೋಗಳು ಊರಿಗೆ ಹೋಗಬೇಕು, ಅದರಲ್ಲಿ ಕೈಯಿಟ್ಟವನನ್ನು ಗೆಳೆಯರೇ ಒದೆಯುತ್ತಿದ್ದರು. ಸಿಗರೇಟು, ಜಾಮು, ಒಣಗಿದ ಕಾಲುಚೀಲ ಮಾತ್ರ ಅಲ್ಲೇ ಉಳಿದವರಿಗೆ ಹಂಚಿಕೆ. ಇದನ್ನು ಯಾರೂ ಕಳವು ಅನ್ನುತ್ತಿರಲಿಲ್ಲ. ಬದುಕಿದವರ ಕಾಲು ಕೊಳೆಯುತ್ತಿರುವಾಗ ಒಣಗಿದ ಉಣ್ಣೆಯನ್ನು ಕೆನಡಾಕ್ಕೆ ಕಳಿಸಿದ್ದರೆ ಅದೇ ಪಾಪ.

ಲಾರ್ನ್ ಆ ರೈತನ ಮನೆಗೆ ಬಂದದ್ದು ಹೊಳೆಯಲ್ಲಿ ಜೀಪು ಸಿಕ್ಕಿಕೊಂಡು ಸೊಂಟದವರೆಗೆ ನೆನೆದು. ಟ್ವೀಡಿ ಅನ್ನುವ ಕಾರ್ಪೊರಲ್ ಅವನ ನಡುಗುವ ಕಾಲು ನೋಡಿ, ಮೂಲೆಯ ಚೀಲದಿಂದ ಒಂದು ಜೋಡಿ ತೆಗೆದು ಅವನ ಮಡಿಲಿಗೆ ಎಸೆದ.

"ಹಾಕ್ಕೊಳ್ಳಿ ಕ್ಯಾಪ್ಟನ್," ಅಂದ. "ನಮ್ಮ ಮೀನುಗಾರನಿಗೆ ಇನ್ನು ಇದು ಬೇಕಾಗಿಲ್ಲ." ಹೆಬ್ಬೆರಳಿನಿಂದ ಹಿತ್ತಿಲ ಗೋಡೆ ತೋರಿಸಿ, "ಅಲ್ಲಿ ಮಣ್ಣು ಹೊದ್ದು ನಮಗಿಂತ ಬೆಚ್ಚಗೆ ಮಲಗಿದಾನೆ," ಅಂತಲೂ ಅಂದ.

ಅಲ್ಲಿದ್ದವರು ನಕ್ಕರು. ಅಂಥ ಮಾತಿಗೆ ನಗದಿದ್ದರೆ ಆ ತಿಂಗಳು ಕಳೆಯುವುದು ಕಷ್ಟವಿತ್ತು. ಲಾರ್ನ್ ಕೂಡ ನಕ್ಕ, ಕಾಲುಚೀಲ ಹಾಕಿಕೊಂಡ, ಮೀನುಗಾರ ಯಾರು ಎಂದು ಕೇಳಲಿಲ್ಲ. ಅವರೆಲ್ಲ ಪಹರೆಗೆ ಹೋದ ಮೇಲೆ ಒಬ್ಬನೇ ಕೂತಿದ್ದಾಗ ಕೆಂಪು ಚುಕ್ಕಿಗಳು ಅವನ ಕಣ್ಣಿಗೆ ಬಿದ್ದವು. ವಾರಗಟ್ಟಲೆ ಕೆಸರಿನ ಬಣ್ಣ ಬಿಟ್ಟು ಬೇರೇನೂ ನೋಡಿರಲಿಲ್ಲ. ರಕ್ತ ಕೂಡ ಆ ಮಣ್ಣಿನಲ್ಲಿ ಕೆಂಪಾಗಿ ಉಳಿಯುತ್ತಿರಲಿಲ್ಲ. ಎದುರಿಗೆ ಕೂರುವವರು ಸಿಗದಿದ್ದಾಗ ಚಿತ್ರಕಾರರು ತಮ್ಮದೇ ಕೈ, ತಮ್ಮದೇ ಕಾಲು ಬರೆದುಕೊಂಡು ಕೂರುವುದುಂಟು. ಹಾಗೆ ಬರೆದ. ಎರಡು ವಾರ ಕಳೆಯುವುದರೊಳಗೆ ಟ್ವೀಡಿ ಮತ್ತು ಅವನ ಜೊತೆಯವರೆಲ್ಲ ಒರ್ತೋನಾ ಪಟ್ಟಣದ ಬೀದಿಗಳಲ್ಲಿ ಸತ್ತರು. ಆ ಹಿತ್ತಿಲನ್ನು ಎರಡೂ ಕಡೆಯ ಫಿರಂಗಿಗಳು ಹೊಲ ಉತ್ತ ಹಾಗೆ ಉತ್ತುಹಾಕಿದವು. ಮೀನುಗಾರ ಎಲ್ಲಿ ಹೋದ ಎಂದು ಹೇಳಬಲ್ಲವನು ಲಾರ್ನ್ ಒಬ್ಬನೇ ಉಳಿದ. ಅವನಿಗೂ ಅದು ಗೊತ್ತಾದದ್ದು ಈಗ.

ಗುರುವಾರ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಲ್ಲಿನ ಮೇಲೆ ಒಂದು ಹೆಸರು ಇಲ್ಲದಿದ್ದರೆ ಯಾರ ಗಂಟು ಹೋಗುತ್ತದೆ? ಮುದುಕಿ ಸಂತೋಷವಾಗಿದ್ದಾಳೆ, ಇರಲಿ ಬಿಡು. ಅಷ್ಟರಲ್ಲಿ ಗಿಮ್ಲಿಯಿಂದ ಇನ್ನಿಬ್ಬರು ಹೆಂಗಸರು ಬಂದರು. ಹಲ್ಡೋರಾಳ ಮಗ ಬದುಕಿದ್ದಾನಂತೆ, ನೀವೇ ನೋಡಿದಿರಂತೆ ಎಂದರು. ಒಬ್ಬಳು ಕೈಚೀಲದಿಂದ ನೌಕಾಪಡೆಯ ಹುಡುಗನ ಫೋಟೋ ತೆಗೆದು, ಇವನ ಹಡಗು ಮುಳುಗಿತು ಅಂತಾರೆ, ಎಲ್ಲಾದರೂ ಕಂಡಿದ್ದನೇ ಎಂದು ಕೇಳಿದಳು. ಹಡಗು ಮುಳುಗಿದ್ದು ಬೇರೆ ಸಾಗರದಲ್ಲಿ, ಲಾರ್ನ್ ಆ ಸಾಗರ ನೋಡಿಯೂ ಇರಲಿಲ್ಲ. ಮೊದಲ ಊರು ಬಿಟ್ಟ ಮೇಲೆ ಮೊದಲ ಬಾರಿಗೆ ಅವನು ಇಲ್ಲಮ್ಮ ಅಂದ. ಅವಳು ನಂಬಲಿಲ್ಲ; ಸರಿಯಾಗಿ ನೋಡಿ ಹೇಳಿ ಎಂದು ಫೋಟೋ ಮತ್ತೆ ಮುಂದೆ ಹಿಡಿದಳು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಶುಕ್ರವಾರ ಬೆಳಗಿನ ರೈಲು ಹಿಡಿದು ಗಿಮ್ಲಿಗೆ ಹೋದ.

ಬ್ಯಾರ್ನಿ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಚಳಿಗಾಲದ ಬಲೆ ರಿಪೇರಿ ಮಾಡುತ್ತಿದ್ದ. ಕುಳ್ಳ, ಅಗಲ ಭುಜ, ಬಿಳಿ ಮೀಸೆ. ಬಂದವನು ಯಾರೆಂದು ಹೇಳಿಕೊಂಡ ಮೇಲೂ ಅವನ ಕೈ ನಿಲ್ಲಲಿಲ್ಲ.

"ಹೌದು ಅಂದೋನು ನೀನೇನಾ?" ಅಂದ. "ಅವಳನ್ನ ಇಲ್ಲಿವರೆಗೆ ತರೋಕೆ ನನಗೆ ಮೂರು ವರ್ಷ ಹಿಡೀತು ಕಣಯ್ಯ. ನೀನು ಒಂದೇ ಮಾತಲ್ಲಿ ವಾಪಸ್ ಎಳ್ಕೊಂಡು ಹೋದೆ. ನಿನ್ನೆಯಿಂದ ಅವನ ಹಾಸಿಗೆ ಬಿಸಿಲಿಗೆ ಹಾಕಿದಾಳೆ."

ಬ್ಯಾರ್ನಿ ಒಂದು ಗಂಟು ಬಿಗಿದು, ದಾರ ಕಚ್ಚಿ ಕತ್ತರಿಸಿ, ಆಮೇಲೆ ಮೊದಲ ಸಲ ಮುಖ ನೋಡಿದ.

"ಬದುಕಿದಾನಾ?"

"ಇಲ್ಲ."

ಮುದುಕ ಬಲೆಯನ್ನು ಪಕ್ಕಕ್ಕಿಟ್ಟ. ಅವನಿಗೆ ಇದು ಗೊತ್ತಿತ್ತು, ಮೂರು ವರ್ಷದಿಂದ ಗೊತ್ತಿತ್ತು. ಆದರೂ ಹಾಸಿಗೆ ಹೊರಗೆ ತರುವಾಗ ಅದರ ಇನ್ನೊಂದು ತುದಿ ಹಿಡಿದವನು ಅವನೇ ತಾನೆ. ಕೊನೆಗೆ, ಹೋಗಿ ಅವಳಿಗೆ ನೀನೇ ಹೇಳು ಅಂದ. ತಾನು ಹೇಳಿದರೆ ದಿನಾ ಹೇಳುತ್ತಿದ್ದುದನ್ನೇ ಹೇಳಿದ ಹಾಗಾಗುತ್ತದೆ, ಅವಳ ಕಿವಿಗೆ ಹೋಗುವುದಿಲ್ಲ.

ಹಲ್ಡೋರಾ ಅವನನ್ನು ನೋಡಿ ಬೆರಗಾಗಲಿಲ್ಲ. ಬಂದೇ ಬರುತ್ತೀರಿ ಅಂತ ಗೊತ್ತಿತ್ತು ಎಂದು ಕೂರಿಸಿ ಕಾಫಿ ಬಗ್ಗಿಸಿದಳು, ಒಣದ್ರಾಕ್ಷಿಯಂಥ ಕಪ್ಪು ಹಣ್ಣಿನ ತಿರುಳನ್ನು ಪದರಪದರಕ್ಕೂ ಸವರಿದ ಕೇಕು ಕೊಯ್ದಿಟ್ಟಳು. ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುವುದು ಹೇಗೆಂದು ತೋರಿಸಿಕೊಟ್ಟಳು. ಅವಳ ಮಡಿಲಲ್ಲಿ ಹೊಸ ಹೆಣಿಗೆಯಿತ್ತು. ಹಿಮ್ಮಡಿ ಮುಗಿದು ಕಂದು ಪಟ್ಟಿ ಶುರುವಾಗಿತ್ತು. ಲಾರ್ನ್ ಕೇಕನ್ನು ತಟ್ಟೆಯಲ್ಲೇ ಬಿಟ್ಟ.

ಅವಳು ಎರಡು ರಾತ್ರಿ ಎಲ್ಲವನ್ನೂ ಯೋಚಿಸಿಟ್ಟಿದ್ದಳು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿರಬೇಕು. ಇಟಲಿಯ ಯಾರೋ ರೈತರು ಇಟ್ಟುಕೊಂಡಿರಬೇಕು. ಅಲ್ಲಿನವರು ಒಳ್ಳೆಯವರಂತೆ, ಹೌದೇ? ಹುಡುಗ ಸಣ್ಣಗಾಗಿದ್ದನೇ? ಗಡ್ಡ ಬಿಟ್ಟಿದ್ದನೇ? ಅವನ ಪಾದದ ಓರೆ ನೀವು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ, ಎಡಗಾಲು ಹೊರಕ್ಕೆ ತಿರುಗುವುದು, ಚಿಕ್ಕಂದಿನಿಂದ ಹಾಗೇ.

"ಅಮ್ಮಾ," ಅಂದ ಲಾರ್ನ್. "ಆ ಕಾಲು ನಂದು."

ಅವಳು ನಕ್ಕಳು. "ಹೆತ್ತ ಮಗನ ಕಾಲು ನನಗೆ ಗೊತ್ತಾಗಲ್ವೇನಪ್ಪಾ?"

ಮಾತಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಅವನು ಬಾಗಿ ಷೂ ಬಿಚ್ಚಿದ, ಕುರ್ಚಿಯನ್ನು ಅವಳ ಒಲೆಯ ಕಡೆ ತಿರುಗಿಸಿ ಎರಡೂ ಕಾಲು ಚಾಚಿದ. ಬಲಗಾಲು ನೆಟ್ಟಗಿತ್ತು. ಎಡಗಾಲು ತಾನಾಗಿಯೇ ಹೊರಕ್ಕೆ ಓರೆಯಾಯಿತು. ಎಂಟು ವರ್ಷದವನಿದ್ದಾಗ ಜಾರುಬಂಡಿಯಿಂದ ಬಿದ್ದು ಮುರಿದುಕೊಂಡದ್ದು. ಹಲ್ಡೋರಾ ನೋಡಿದಳು. ಕನ್ನಡಕ ತೆಗೆಯಲಿಲ್ಲ, ಒರೆಸಲೂ ಇಲ್ಲ. ಕಡ್ಡಿಗಳು ಅವಳ ಕೈಯಲ್ಲಿ ಹಾಗೇ ನಿಂತವು.

ಆಮೇಲೆ ಅವಳು ಒಂದೊಂದಾಗಿ ಕೇಳಿದಳು, ಅವನು ಒಂದೊಂದಾಗಿ ಹೇಳಿದ. ಕೊಟ್ಟವರು ಯಾರು, ಏನೆಂದು ಹೇಳಿ ಕೊಟ್ಟರು. ಟ್ವೀಡಿಯ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳೋಣ ಎಂದು ನಾಲಗೆ ತುದಿಯವರೆಗೆ ಬಂತು. ಹಾಗೆ ಮಾಡಿಯೇ ಇಲ್ಲಿಗೆ ಬಂದು ಕೂತದ್ದು ಎಂದು ನೆನಪಾಗಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಮೀನುಗಾರ ಅಂದದ್ದು, ಮಣ್ಣು ಹೊದ್ದು ಮಲಗಿದ್ದಾನೆ ಅಂದದ್ದು, ತಾನೂ ನಕ್ಕದ್ದು. ಎಲ್ಲಿ ಎಂದು ಕೇಳಿದಳು. ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಕಾಗದ ಕೇಳಿ, ಮನೆ, ಹಿತ್ತಿಲ ಗೋಡೆ, ಬಾವಿ, ನದಿಗೆ ಇಳಿಯುವ ದಾರಿ ಬರೆದ. ಗೋಡೆಯ ಹಿಂದೆ ಹೊಸ ಮಣ್ಣು ಕಂಡಿದ್ದ ಜಾಗಕ್ಕೆ ಒಂದು ಸಣ್ಣ ಗೆರೆ ಎಳೆದ. ಈಗ ಅಲ್ಲಿ ಏನೂ ಉಳಿದಿಲ್ಲದಿರಬಹುದು, ಆದರೂ ಸೇನೆಯವರಿಗೆ ಇದನ್ನು ಕೊಟ್ಟು ಹುಡುಕಿ ಎಂದು ಕೇಳುತ್ತೇನೆ ಅಂದ. ಅವಳು ಆ ಗೆರೆಯ ಮೇಲೆ ಬೆರಳಿಟ್ಟಳು.

"ನನ್ನ ಮಗನ ಕಾಲುಚೀಲ ಹಾಕ್ಕೊಂಡಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ," ಅಂದಳು. ಬಹುವಚನ ಬಿಟ್ಟುಹೋಗಿತ್ತು. "ನಕ್ಕಿದ್ದಕ್ಕೂ ಇಲ್ಲ. ನಮ್ಮ ಬಿಡಾರದಲ್ಲೂ ಗಂಡಸರು ಹಾಗೇ ನಗ್ತಾರೆ. ಆದ್ರೆ ಹೌದು ಅಂದ್ಯಲ್ಲ, ಅದಕ್ಕೆ ನಿನ್ನ ಕೆನ್ನೆಗೆ ಬಾರಿಸ್ಬೇಕು ಅನ್ನಿಸ್ತಿದೆ. ಎರಡು ದಿನ ನನ್ನ ಮಗನ್ನ ಬದುಕಿಸಿ ಇವತ್ತು ಮತ್ತೆ ಸಾಯಿಸ್ದೆ."

ಬಾರಿಸಿದ್ದರೆ ಲಾರ್ನ್‌ಗೆ ಹಗುರವಾಗುತ್ತಿತ್ತು, ಅವಳು ಬಾರಿಸಲಿಲ್ಲ. ಎದ್ದು ಒಲೆಗೆ ಒಂದು ಸೌದೆ ಹಾಕಿ ಬಂದು ಕೂತಳು. ಬ್ಯಾರ್ನಿ ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ.

"ಇನ್ನೊಂದು ಹೇಳು," ಅಂದಳು. "ಅವನ ಕಾಲಿಂದ ಬಿಚ್ಚಿ ಕೊಟ್ರಾ, ಚೀಲದಿಂದ ತೆಗೆದು ಕೊಟ್ರಾ?"

"ಚೀಲದಿಂದ."

"ಒಗೆದಿತ್ತಾ?"

ಲಾರ್ನ್ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಕಂಡದ್ದನ್ನು ಕಂಡ ಹಾಗೆ ಇಟ್ಟುಕೊಳ್ಳುವುದು ಒಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಮಡಿಲಿಗೆ ಬಿದ್ದ ಜೋಡಿ. ಒಂದರೊಳಗೊಂದು ಮಡಿಸಿತ್ತು. ಮೇಲೆ ಉಣ್ಣೆಯ ದಾರದಿಂದ ಒಂದು ಗಂಟು ಹಾಕಿತ್ತು, ಕೆಂಪು ದಾರ. ಬೆರಳು ಮರಗಟ್ಟಿ ಬಿಚ್ಚಲಾಗದೆ, ಪೆನ್ಸಿಲ್ ಚೂಪು ಮಾಡುವ ಚಾಕುವಿನಿಂದ ಅದನ್ನು ಕತ್ತರಿಸಿದ್ದ.

"ಒಗೆದಿದ್ದಲ್ಲಮ್ಮ," ಅಂದ. "ಹೊಸದು. ದಾರ ಕಟ್ಟಿದ ಹಾಗೇ ಇತ್ತು."

"ಕೆಂಪು ದಾರ."

"ಕೆಂಪು."

"ಅದು ನಾನು ಕಟ್ಟಿದ್ದು," ಅಂದಳು ಹಲ್ಡೋರಾ. "ಬಿಚ್ಚೇ ಇರಲಿಲ್ಲ ಹಾಗಾದ್ರೆ. ಹಾಕ್ಕೊಂಡೇ ಇರಲಿಲ್ಲ."

ಆಮೇಲೆ ಅವಳ ಮುಖದ ಬಿಗಿ ಕಳಚಿತು. ಅವಳು ಕಿಟಕಿಯ ಕಡೆಗೂ ಅಲ್ಲ, ಲಾರ್ನ್‌ನ ಕಡೆಗೂ ಅಲ್ಲ, ಮೇಜಿನ ಮೇಲಿದ್ದ ಆ ಪೆನ್ಸಿಲ್ ಗೆರೆಯ ಕಡೆಗೆ ತಿರುಗಿ ಬೈಯತೊಡಗಿದಳು. "ಎಷ್ಟು ಸಲ ಹೇಳಿದೀನಿ ನಿನಗೆ, ಕೂಡಿಡಬೇಡ ಅಂತ! ಹೊಸದು ಬಂದ ದಿನಾನೇ ಹಾಕ್ಕೋ ಅಂತ! ಯಾವ ಹಬ್ಬಕ್ಕೆ ಇಟ್ಟುಕೊಂಡಿದ್ದೆಯೋ, ಹುಚ್ಚುಮುಂಡೇದೇ? ಚೀಲದಲ್ಲಿ ಬೆಚ್ಚಗಿನದು ಇಟ್ಕೊಂಡು ಒದ್ದೆ ಕಾಲಲ್ಲಿ ಹೋದ್ಯಾ?" ಅಲ್ಲಿಂದ ಮುಂದೆ ಮಾತು ಅವಳ ಮನೆಮಾತಿಗೆ ಹೊರಳಿತು. ಲಾರ್ನ್‌ಗೆ ಆ ಭಾಷೆಯ ಒಂದು ಪದವೂ ಬಾರದು, ಆದರೂ ಒಂದು ಪದವೂ ತಿಳಿಯದೆ ಉಳಿಯಲಿಲ್ಲ. ಮಗ ಮಂಜುಗಡ್ಡೆಯ ಮೇಲಿಂದ ಒದ್ದೆಯಾಗಿ ಬಂದಾಗ ಯಾವ ತಾಯಿಯಾದರೂ ಬೈಯುವ ಬೈಗುಳ ಅದು. ಮೂರು ವರ್ಷ ಅವಳು ಅದನ್ನು ಯಾರಿಗೂ ಬೈಯದೆ ಹಿಡಿದಿಟ್ಟುಕೊಂಡಿದ್ದಳು.

ಬ್ಯಾರ್ನಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಮೊಳೆಯಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಲಾರ್ನ್‌ಗೆ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಕೂತಿರು ಎಂದು ಕೈಸನ್ನೆ ಮಾಡಿ, ಕಲ್ಲುಕುಟಿಗನ ಮನೆಯ ಕಡೆ ಹೊರಟ. ಅವನು ಬೀದಿಯ ತಿರುವು ದಾಟಿದ ಮೇಲೂ ಹಲ್ಡೋರಾಳ ಬೈಗುಳ ಮುಗಿದಿರಲಿಲ್ಲ.